ಮಾರಮ್ಮ ಕೆಟ್ಟ ದೇವತೆಯೇ? ‘ಅಮ್ಮ ಆಗಿದೆ’ ಎನ್ನುವ ಮಾತಿನ ಹಿಂದೆ ಇರುವುದೇನು?

ಮಕ್ಕಳು ಈಗ ಮೊಬೈಲು, ಕಂಪ್ಯೂಟರುಗಳಲ್ಲಿ ಆಡುವ ಕಲ್ಪನಾಲೋಕದ ಆಟಗಳಲ್ಲಿ ಒಬ್ಬ ದುಷ್ಟ ದೇವತೆ ಬಂದೇ ಬರುತ್ತಾಳೆ. ಇಂಥ ಆಟಗಳಿಗೆಲ್ಲ ಹಿರಿಯಣ್ಣ ಎನ್ನಬಹುದಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಅದರ ಲೋಕಗಳಲ್ಲೊಂದರಲ್ಲಿ ತಲೋನಾ ಎಂಬ ದೇವತೆ ಇದ್ದಾಳೆ. ರೋಗ ಮತ್ತು ವಿಷ ಅವಳ ಖಾತೆ. ಅವಳ ಹಿಂಬಾಲಕರ ಕೆಲಸ ಊರೂರಿಗೆ ರೋಗ ಹರಡುವುದು. ಆಟದ ನಿಯಮದ ಪ್ರಕಾರ ಪ್ರತಿ ದೇವತೆಗೂ ಒಂದು ಗುಣಪಟ್ಟಿ ಅಂಟಿಸಿರುತ್ತಾರೆ: ಒಳ್ಳೆಯವಳು, ನಡುವಿನವಳು, ಕೆಟ್ಟವಳು. ತಲೋನಾಗೆ ಸಿಕ್ಕಿರುವುದು ‘ಕೆಟ್ಟವಳು’ ಎಂಬ ಪಟ್ಟಿ.

ಈ ಆಟವನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಹುಡುಗನೊಬ್ಬ ಆಡಿದರೆ ಅವನಿಗೆ ಒಂದು ಪ್ರಶ್ನೆ ಏಳಬೇಕು. ರೋಗದ ದೇವತೆ ನಮ್ಮಲ್ಲೂ ಇದ್ದಾಳಲ್ಲ? ತಿಪಟೂರು, ತುರುವೇಕೆರೆ, ಹುಳಿಯಾರು ಕಡೆಯ ತೆಂಗಿನ ತೋಟಗಳ ನಡುವೆ ಹೋದರೆ ಊರಂಚಿನಲ್ಲೊಂದು ಬೇವಿನ ಮರ, ಅದರ ಬುಡದಲ್ಲೊಂದು ಮಾರಮ್ಮನ ಗುಡಿ ಕಾಣುವುದು ಹೊಸದೇನಲ್ಲ. ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ಇವತ್ತಿಗೂ ಅನೇಕ ಮನೆಗಳಲ್ಲಿ ‘ಅಮ್ಮ ಆಗಿದೆ’ ಎನ್ನುತ್ತಾರೆ. ಹಾಗಾದರೆ ಮಾರಮ್ಮನೂ ಆಟದ ತಲೋನಾಳಂತೆ ದುಷ್ಟ ದೇವತೆಯೇ? ಅವಳನ್ನು ನಂಬಿದವರು ರೋಗವನ್ನು ಪೂಜಿಸಿದರೇ? ಮುಖ್ಯವಾಗಿ, ಈ ನಂಬಿಕೆಯಲ್ಲಿ ಯಾವುದು ನಿರಪಾಯ, ಯಾವುದು ಮಗುವಿನ ಜೀವಕ್ಕೇ ಅಪಾಯ? ಒಂದೊಂದಾಗಿ ನೋಡೋಣ.

ಮಾರಿ ಎಂದರೆ ಯಾರು?

‘ಮಾರಿ’ ಎಂಬ ಪದದ ಮೂಲದ ಬಗ್ಗೆ ಎರಡು ವಾದಗಳಿವೆ. ಸಾವು, ಸಾಂಕ್ರಾಮಿಕ ಪಿಡುಗು ಎಂಬ ಅರ್ಥದ ಸಂಸ್ಕೃತದ ‘ಮಾರಿ’ಯಿಂದ ಬಂದದ್ದು ಎಂದು ಕೆಲವರು ಹೇಳುತ್ತಾರೆ. ತಮಿಳಿನಲ್ಲಿ ‘ಮಾರಿ’ ಎಂದರೆ ಮಳೆ, ಹಾಗಾಗಿ ಮೊದಲು ಇವಳು ಮಳೆ ತರುವ ತಾಯಿ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡನ್ನೂ ಜನ ಬಿಟ್ಟಿಲ್ಲ. ಬೇಸಿಗೆಯ ಪಿಡುಗು ತೊಲಗಲಿ ಎಂದೂ, ಮುಂದೆ ಒಳ್ಳೆಯ ಮಳೆಯಾಗಲಿ ಎಂದೂ ಒಂದೇ ಹಬ್ಬದಲ್ಲಿ ಬೇಡಿಕೊಳ್ಳುತ್ತಾರೆ.

ಆಟದ ದುಷ್ಟ ದೇವತೆಗೂ ನಮ್ಮ ಊರಿನ ಮಾರಮ್ಮನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಸಿಗುತ್ತದೆ. ತಲೋನಾ ರೋಗ ಕೊಡುವವಳು ಮಾತ್ರ. ಮಾರಮ್ಮ ಕೊಡುವವಳೂ ಹೌದು, ತೆಗೆಯುವವಳೂ ಹೌದು. ಅವಳನ್ನು ಕರೆಯುವುದೇ ‘ಅಮ್ಮ’ ಎಂದು. ತಾಯಿ ಮುನಿದರೆ ಹೊಡೆಯುತ್ತಾಳೆ, ಆಮೇಲೆ ತಾನೇ ಎತ್ತಿಕೊಳ್ಳುತ್ತಾಳೆ ಎಂಬುದು ಜನರ ಲೆಕ್ಕ. ಅವಳಿಗೆ ತಂಬಿಟ್ಟಿನ ಆರತಿ, ಮೊಸರನ್ನದ ತಳಿಗೆ, ಬೇವಿನ ಸೊಪ್ಪು ಒಪ್ಪಿಸುವುದು ‘ತಂಪು’ ಮಾಡಲು. ಉರಿಯುವ ಜ್ವರವನ್ನು ಉರಿಯುವ ದೇವಿಯಾಗಿ ಕಂಡವರು ಎರಡಕ್ಕೂ ಒಂದೇ ಉಪಚಾರ ಮಾಡಿದರು.

ಅವಳ ಭಕ್ತರೂ ಆಟದ ಹಿಂಬಾಲಕರಂತೆ ತಲೆತಗ್ಗಿಸಿ ಹೇಳಿದ್ದು ಕೇಳುವವರಲ್ಲ. ಹಳೇ ಮೈಸೂರು ಮತ್ತು ಬಯಲುಸೀಮೆಯ ಮಾರಿಹಬ್ಬಗಳಲ್ಲಿ ಆಸಾದಿಗಳು ಎಂಬ ಕಲಾವಿದರು ಹಾಡುತ್ತಾರೆ. ದಲಿತ ಸಮುದಾಯಕ್ಕೆ ಸೇರಿದ ಇವರು ಹಾಡಿನಲ್ಲಿ ದೇವಿಯನ್ನೇ ಬಾಯಿಗೆ ಬಂದಂತೆ ಬೈಯುವ ಪದ್ಧತಿ ಇದೆ. ನೆರೆದವರನ್ನೂ ಬಿಡುವುದಿಲ್ಲ. ಊರಿನ ಮೇಲುಜಾತಿಯವರ ಮುಂದೆ ವರ್ಷವಿಡೀ ಬಾಯಿಬಿಡಲಾಗದವರಿಗೆ ಆ ಒಂದು ದಿನ ದೇವಿಯನ್ನೂ ಬೈಯುವ ಹಕ್ಕು. ತನ್ನ ದೇವರನ್ನು ಹೀಗೆ ತರಾಟೆಗೆ ತೆಗೆದುಕೊಳ್ಳುವ ಭಕ್ತರನ್ನು ಯಾವ ಆಟದ ಲೋಕದಲ್ಲೂ ಕಾಣುವುದು ಕಷ್ಟ.

‘ಕ್ಷುದ್ರ ದೇವತೆ’ ಎಂದು ಹೆಸರಿಟ್ಟವರು ಯಾರು?

ಹಾಗಿದ್ದರೂ ಮಾರಮ್ಮನಿಗೆ ‘ಕ್ಷುದ್ರ ದೇವತೆ’ ಎಂಬ ಹೆಸರು ಹೇಗೆ ಅಂಟಿಕೊಂಡಿತು? ರಕ್ತಬಲಿ ಪಡೆಯುವ, ಬ್ರಾಹ್ಮಣ ಪೂಜಾರಿಯಿಲ್ಲದ, ಊರ ಹೊರಗೆ ನಿಂತ ದೇವರುಗಳಿಗೆಲ್ಲ ಮಡಿವಂತರು ಇಟ್ಟ ಒಟ್ಟು ಹೆಸರು ಅದು. ವಸಾಹತು ಕಾಲದ ಪಾದ್ರಿಗಳೂ ಅಧಿಕಾರಿಗಳೂ ಅದನ್ನೇ ಇನ್ನಷ್ಟು ಗಟ್ಟಿ ಮಾಡಿದರು. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಮೈಸೂರು ಸೀಮೆಯ ಮಾರಿಯೂ ಅದರಲ್ಲಿದ್ದಾಳೆ. ಪಶ್ಚಿಮದ ಕಣ್ಣಿಗೆ ನಮ್ಮ ಉಗ್ರದೇವತೆಗಳೆಲ್ಲ ಭಯಾನಕ ಪಂಥಗಳಾಗಿ ಕಂಡವು. 1984ರ ‘ಇಂಡಿಯಾನಾ ಜೋನ್ಸ್’ ಸಿನಿಮಾದಲ್ಲಿ ಕಾಳಿಯ ಭಕ್ತರು ಮನುಷ್ಯರ ಎದೆ ಬಗೆಯುವವರಾಗಿ ಬಂದದ್ದು ಈ ಕಣ್ಣಿನಿಂದಲೇ. 1980ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ದೇವತೆಗಳ ಪುಸ್ತಕದಲ್ಲೂ ಕಾಳಿಗೆ ಒಂದು ಪುಟವಿತ್ತು.

ಮಾರಿಯ ಹುಟ್ಟಿನ ಬಗ್ಗೆ ಕರ್ನಾಟಕದಲ್ಲಿ ಹಲವು ರೂಪಗಳಲ್ಲಿ ಹರಡಿರುವ ಒಂದು ಕಥೆಯನ್ನೂ ಇಲ್ಲಿ ನೆನೆಯಬೇಕು. ಅಸ್ಪೃಶ್ಯನೆನಿಸಿಕೊಂಡ ಜಾತಿಯ ಯುವಕನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾಗುತ್ತಾನೆ. ನಿಜ ತಿಳಿದ ಹುಡುಗಿ ಬೆಂಕಿ ಹಚ್ಚಿಕೊಂಡು ಮಾರಿಯಾಗುತ್ತಾಳೆ. ಗಂಡ ಕೋಣನಾಗಿ ಹುಟ್ಟಿ ಅವಳಿಗೆ ಬಲಿಯಾಗುತ್ತಾನೆ. ಇದನ್ನು ಬರೀ ಪುರಾಣವೆಂದು ಕೇಳಿ ಸುಮ್ಮನಾಗುವಂತಿಲ್ಲ. ಜಾತಿ ಮೀರಿದರೆ ಊರಿಗೇ ಕೇಡು ಎಂಬ ಎಚ್ಚರಿಕೆಯನ್ನು ರೋಗದ ಭಯದ ಜೊತೆ ಹೆಣೆದು ತಲೆಮಾರುಗಳಿಗೆ ದಾಟಿಸಿದ ಕಥೆ ಇದು. ರೋಗಕ್ಕೆ ಕಾರಣ ಗೊತ್ತಿಲ್ಲದಾಗ ಕಾರಣದ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸುತ್ತಾರೆ. ಆ ‘ಯಾರಾದರೂ’ ಸಾಮಾನ್ಯವಾಗಿ ಬಡವರು, ಕೆಳಜಾತಿ ಎನಿಸಿಕೊಂಡವರು ಅಥವಾ ಹೆಂಗಸರು.

ದೇವಿಯ ಕೋಪದ ಹಿಂದೆ ಇದ್ದ ವೈರಾಣು

ಮಾರಮ್ಮನ ಹೆಸರಿಗೆ ನಡುಕ ತಂದ ರೋಗ ಸಿಡುಬು. ಇದಕ್ಕೆ ಕಾರಣ ವೇರಿಯೋಲಾ ಎಂಬ ವೈರಾಣು. ಇದು ಹಿಡಿದವರಲ್ಲಿ ಸುಮಾರು ಶೇ. 30 ಮಂದಿ ಸಾಯುತ್ತಿದ್ದರು. ಉಳಿದವರ ಮುಖದಲ್ಲಿ ಗುಳಿ ಬೀಳುತ್ತಿತ್ತು, ಹಲವರಿಗೆ ಕಣ್ಣೇ ಹೋಗುತ್ತಿತ್ತು. ಒಮ್ಮೆ ಬದುಕಿದವರಿಗೆ ಸಾಮಾನ್ಯವಾಗಿ ಇನ್ನೊಮ್ಮೆ ಬರುತ್ತಿರಲಿಲ್ಲ. ಇದು ರೋಗನಿರೋಧಕ ಶಕ್ತಿಯ ಕೆಲಸ. ಆದರೆ ನೋಡುವವರಿಗೆ ‘ಅಮ್ಮ ಒಪ್ಪಿಕೊಂಡು ಹೋದಳು’ ಎನಿಸುತ್ತಿತ್ತು. ಹೀಗೆ ಗುಳಿಮುಖದವರು ರೋಗಿಗಳ ಆರೈಕೆಗೆ ನಿಂತರೆ ಅವರಿಗೇನೂ ಆಗುತ್ತಿರಲಿಲ್ಲ. ದೇವಿಯ ಕೃಪೆ ಎಂಬ ನಂಬಿಕೆಗೆ ಇದು ಕಣ್ಣೆದುರಿನ ಸಾಕ್ಷಿಯಾಯಿತು.

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವು ಬಳಸಿ ಲಸಿಕೆ ಹಾಕಿ ತೋರಿಸಿದರು. 1802ರಲ್ಲಿ ಅದು ಮುಂಬಯಿ ತಲುಪಿತು. ಮೈಸೂರಿಗೂ ತಡವಾಗಲಿಲ್ಲ. 1805ರ ಸುಮಾರಿನಲ್ಲಿ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲೊಬ್ಬಾಕೆ ಸೀರೆಯ ಸೆರಗನ್ನು ತುಸು ಸರಿಸಿ ತೋಳಿನತ್ತ ಬೆರಳು ಮಾಡಿದ್ದಾರೆ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರರು ಓದುತ್ತಾರೆ. ಹಾಗಿದ್ದರೆ ಇದನ್ನು ನಮ್ಮ ನಾಡಿನ ಮೊದಮೊದಲ ಲಸಿಕೆ ಪ್ರಚಾರದ ಚಿತ್ರ ಎನ್ನಬಹುದು.

ಅರಮನೆಯಿಂದ ಹಳ್ಳಿಯ ಕೊನೆಯ ಗುಡಿಸಲಿಗೆ ಲಸಿಕೆ ಮುಟ್ಟಲು ಮಾತ್ರ ನೂರೆಪ್ಪತ್ತು ವರ್ಷ ಹಿಡಿಯಿತು. 1974ರಲ್ಲೂ ಬಿಹಾರ ಮತ್ತು ಸುತ್ತಲಿನ ರಾಜ್ಯಗಳಲ್ಲಿ ಸಿಡುಬು ಸಾವಿರಾರು ಜನರನ್ನು ಕೊಂದಿತು. ಆರೋಗ್ಯ ಕಾರ್ಯಕರ್ತರು ರೋಗಿಯ ಚಿತ್ರವಿರುವ ಕಾರ್ಡು ಹಿಡಿದು ಮನೆಮನೆ ತಿರುಗಿ, ರೋಗ ಕಂಡಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಅದನ್ನು ಮುತ್ತಿಗೆ ಹಾಕಿದರು. 1975ರಲ್ಲಿ ಭಾರತದ ಕೊನೆಯ ರೋಗಿ ಪತ್ತೆಯಾಯಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಜಗತ್ತೇ ಸಿಡುಬಿನಿಂದ ಮುಕ್ತ ಎಂದು ಘೋಷಿಸಿತು. ಸಿಡುಬು ಮನುಷ್ಯರಲ್ಲಿ ಮಾತ್ರ ಇರುವ ರೋಗ. ಅದಕ್ಕೆ ಅಡಗಲು ಬೇರೆ ಪ್ರಾಣಿ ಇರಲಿಲ್ಲ. ಹಾಗಾಗಿ ಮನುಷ್ಯರಲ್ಲಿ ಸರಪಳಿ ಕಡಿದಾಗ ವೈರಾಣುವಿಗೆ ಹೋಗಲು ಜಾಗವಿರಲಿಲ್ಲ.

ಹಾಗಾದರೆ ಈಗ ಗುಳ್ಳೆ ಬಂದಾಗ ‘ಅಮ್ಮ’ ಎನ್ನುವುದು ಯಾವುದಕ್ಕೆ? ಸಿಡುಬಂತೂ ಇಲ್ಲ. ಅದರ ಹೆಸರನ್ನು ಈಗ ಎರಡು ಬೇರೆ ರೋಗಗಳು ಹೊತ್ತಿವೆ. ಒಂದು ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ಇನ್ನೊಂದು ದಡಾರ. ಎರಡೂ ಬೇರೆ ಬೇರೆ ವೈರಾಣುಗಳಿಂದ ಬರುತ್ತವೆ. ಎರಡೂ ಗಾಳಿಯಲ್ಲೇ ಹರಡುತ್ತವೆ.

ಜಾತ್ರೆ ಮಾಡಿದ ಮೇಲೆ ರೋಗ ಇಳಿಯುತ್ತಿದ್ದುದೇಕೆ?

‘ನಮ್ಮಜ್ಜಿ ಕಾಲದಲ್ಲಿ ಮಾರಿಹಬ್ಬ ಮಾಡಿದ ಮೇಲೆ ರೋಗ ನಿಂತದ್ದು ಕಣ್ಣಾರೆ ಕಂಡವರಿದ್ದಾರೆ’ ಎಂದು ಹಿರಿಯರು ವಾದಿಸುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ನಿಂತದ್ದು ನಿಜವೇ ಇರಬಹುದು. ನಿಂತದ್ದು ಏಕೆ ಎಂಬುದು ಪ್ರಶ್ನೆ.

ಸಿಡುಬು ನಮ್ಮ ದೇಶದಲ್ಲಿ ಋತುಮಾನಕ್ಕೆ ತಕ್ಕಂತೆ ಏರಿಳಿಯುತ್ತಿದ್ದ ರೋಗ. ಚಳಿಗಾಲದ ಕೊನೆಗೆ ಏರತೊಡಗಿ, ಬೇಸಿಗೆಯಲ್ಲಿ ತುದಿ ಮುಟ್ಟಿ, ಮಳೆ ಹಿಡಿದಾಗ ಇಳಿಯುತ್ತಿತ್ತು. ಒಣಹವೆಯಲ್ಲಿ ಆ ವೈರಾಣು ಹೆಚ್ಚು ಕಾಲ ಉಳಿಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ಮದುವೆ, ಜಾತ್ರೆ, ಸಂತೆ ಎಂದು ಜನರ ಓಡಾಟವೂ ಹೆಚ್ಚು. ಬಂಗಾಳಿಯಲ್ಲಿ ಈ ರೋಗಕ್ಕೆ ‘ವಸಂತ’ ಎಂದೇ ಹೆಸರು. ನಮ್ಮಲ್ಲಿ ಮಾರಿಹಬ್ಬಗಳು ಹೆಚ್ಚಾಗಿ ನಡೆಯುವುದೂ ಇದೇ ತಿಂಗಳುಗಳಲ್ಲಿ. ರೋಗ ತುದಿಯಲ್ಲಿದ್ದಾಗ ಹಬ್ಬ ಮಾಡುತ್ತಾರೆ. ಆಮೇಲೆ ಮಳೆ ಬರುತ್ತದೆ, ರೋಗ ಇಳಿಯುತ್ತದೆ. ಹಬ್ಬ ಮಾಡದಿದ್ದರೂ ಇಳಿಯುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಗಾದೆ ಇದಕ್ಕೇ ಹೇಳಿಸಿದ್ದು.

ಇನ್ನೊಂದು ಕಾರಣವೂ ಇದೆ. ಒಂದು ಊರಿನಲ್ಲಿ ರೋಗ ಬರಬಹುದಾದವರಿಗೆಲ್ಲ ಬಂದು ಹೋದರೆ, ಸತ್ತವರು ಸತ್ತು ಬದುಕಿದವರಿಗೆ ನಿರೋಧಕ ಶಕ್ತಿ ಬಂದಿರುತ್ತದೆ. ವೈರಾಣುವಿಗೆ ಹೊಸಬರು ಸಿಗುವುದಿಲ್ಲ. ಕೆಲವು ವರ್ಷ ಕಳೆದು ಹೊಸ ಮಕ್ಕಳು ಹುಟ್ಟಿದ ಮೇಲೆ ಮತ್ತೆ ಬರುತ್ತದೆ. ಮಾರಿ ಕೆಲವು ವರ್ಷಕ್ಕೊಮ್ಮೆ ‘ಹಸಿದು’ ಬರುತ್ತಾಳೆ ಎಂದು ಜನ ಕಂಡುಕೊಂಡಿದ್ದು ಈ ಲಯವನ್ನೇ. ಅವರ ವೀಕ್ಷಣೆ ಸರಿ ಇತ್ತು, ವಿವರಣೆ ಬೇರೆಯದಾಗಿತ್ತು.

ಗಡಿ ದಾಟಿಸುವುದು ಮತ್ತು ಪ್ಲೇಗು

ಹಲವು ಊರುಗಳಲ್ಲಿ ಮಾರಿಯನ್ನು ಹೊರಡಿಸುವ ಪದ್ಧತಿ ಇತ್ತು. ಬೊಂಬೆ ಅಥವಾ ಪೂಜೆಯ ಸಾಮಗ್ರಿಯನ್ನು ಮೆರವಣಿಗೆಯಲ್ಲಿ ಒಯ್ದು ಊರ ಗಡಿಯಾಚೆ ಇಟ್ಟು, ಹಿಂತಿರುಗಿ ನೋಡದೆ ಬರುವುದು. ಪಕ್ಕದೂರಿನವರು ಅದನ್ನು ತಮ್ಮ ಗಡಿಯಿಂದಾಚೆ ಸಾಗಿಸುವುದು. ಇದರಿಂದ ವೈರಾಣು ಹೋಗುತ್ತಿರಲಿಲ್ಲ. ಊರಿಗೆ ಒಂದಿಷ್ಟು ಧೈರ್ಯ ಬರುತ್ತಿತ್ತು. ಜೊತೆಗೆ, ರೋಗ ಒಂದು ಊರಿಂದ ಇನ್ನೊಂದು ಊರಿಗೆ ದಾಟುತ್ತದೆ ಎಂಬ ತಿಳಿವು ಆ ಆಚರಣೆಯಲ್ಲೇ ಇತ್ತು.

ಆ ದಾಟುವ ಹಾದಿ ಸ್ಪಷ್ಟವಾಗಿ ಕಂಡದ್ದು ಪ್ಲೇಗಿನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಹುಬ್ಬಳ್ಳಿ, ಹರಿಹರ, ಅರಸೀಕೆರೆ, ತಿಪಟೂರು, ತುಮಕೂರಿನ ಮೂಲಕ ಬೆಂಗಳೂರಿಗೆ ಹೋಗುವ ರೈಲುದಾರಿ ಅಷ್ಟರಲ್ಲಿ ಆಗಿತ್ತು. ಧಾನ್ಯದ ಮೂಟೆಗಳಲ್ಲಿ ಇಲಿ, ಇಲಿಯ ಮೈಯಲ್ಲಿ ಚಿಗಟ, ಚಿಗಟದ ಹೊಟ್ಟೆಯಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ. ಈ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರು. ಚಿಗಟದ ಪಾತ್ರವನ್ನು 1898ರಲ್ಲಿ ಕರಾಚಿಯಲ್ಲಿ ಪೌಲ್ ಲೂಯಿ ಸಿಮೊಂ ತೋರಿಸಿದರು. ಆದರೆ ಅದನ್ನು ವಿಜ್ಞಾನಲೋಕ ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು.

ಹಳ್ಳಿಯ ಜನ ಅಷ್ಟು ಕಾಯಲಿಲ್ಲ. ಇಲಿ ಬಿದ್ದರೆ ಊರು ಬಿಡಬೇಕು ಎಂದು ಅನುಭವದಿಂದಲೇ ಕಲಿತರು. ಮನೆ ಬಿಟ್ಟು ಹೊಲ, ತೋಟಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ಅಗ್ರಹಾರದಲ್ಲಿ ಇಲಿಗಳು ಸಾಯುವುದು ನೆನಪಿರಬಹುದು. ಊರು ಬಿಡುವುದು ಒಳ್ಳೆಯ ಉಪಾಯವೇ ಆಗಿತ್ತು, ಏಕೆಂದರೆ ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯರನ್ನು ಹುಡುಕುತ್ತದೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ‘ಪ್ಲೇಗಮ್ಮ’ ಹುಟ್ಟಿದಳು. ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಇದೆ. ಅದೇ ಊರಿನಲ್ಲಿ 2021ರಲ್ಲಿ ‘ಕೊರೋನಾ ದೇವಿ’ಯ ವಿಗ್ರಹವನ್ನೂ ಕೂರಿಸಿದರು. ಹೊಸ ರೋಗ ಬಂದಾಗ ಹಳೆಯ ಅಮ್ಮನಿಗೆ ಹೊಸ ಹೆಸರು ಬರುತ್ತದೆ.

ಸರ್ಕಾರದ ಕಡೆಯಿಂದಲೂ ತಪ್ಪುಗಳಾದವು. ಪುಣೆಯಲ್ಲಿ ಸೈನಿಕರು ಮನೆ ನುಗ್ಗಿ ತಪಾಸಣೆ ಮಾಡಿದ್ದಕ್ಕೆ ಜನ ಎಷ್ಟು ಕೆರಳಿದರೆಂದರೆ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ಆಯಿತು. ಅದೇ ವರ್ಷದ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ತೋರಿಸಿದ್ದ. ಜನರ ನಂಬಿಕೆ ಗಳಿಸುವ ದಾರಿ ಯಾವುದು ಎಂಬುದಕ್ಕೆ ಈ ಎರಡು ಘಟನೆಗಳೇ ಸಾಕು.

‘ಅಮ್ಮ’ ಆದಾಗಿನ ಆಚರಣೆ: ಯಾವುದು ಸರಿ, ಯಾವುದು ತಪ್ಪು?

*ಹೊರಗಿನವರನ್ನು ಮನೆಗೆ ಸೇರಿಸದಿರುವುದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು:* ಇದು ಒಳ್ಳೆಯ ಪದ್ಧತಿ. ಬೇವಿನ ಸೊಪ್ಪು ವೈರಾಣುವನ್ನು ತಡೆಯುವುದಿಲ್ಲ, ಆದರೆ ‘ಈ ಮನೆಗೆ ಬರಬೇಡಿ’ ಎಂಬ ಫಲಕದ ಕೆಲಸ ಮಾಡುತ್ತದೆ. ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ, ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೂ ಹರಡುತ್ತದೆ. ಅಲ್ಲಿಯವರೆಗೆ ಮಗುವನ್ನು ಶಾಲೆಗೆ, ಅಂಗನವಾಡಿಗೆ ಕಳಿಸಬೇಡಿ.

*ಬೇವಿನ ಸೊಪ್ಪಿನಲ್ಲಿ ಮಲಗಿಸುವುದು, ಸವರುವುದು:* ಮೃದುವಾಗಿ ಸವರಿದರೆ ತುರಿಕೆಗೆ ಸಮಾಧಾನ ಸಿಗಬಹುದು. ರೋಗ ವಾಸಿಯಾಗುವುದಿಲ್ಲ. ಉಜ್ಜಿ ಗುಳ್ಳೆ ಒಡೆದರೆ ಅಲ್ಲಿ ಕೀವಾಗುತ್ತದೆ. ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸುವುದಂತೂ ಅಪಾಯ. ವಾಂತಿ, ಫಿಟ್ಸ್ ಬಂದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

*ಸ್ನಾನ ಮಾಡಿಸಬಾರದು:* ತಪ್ಪು. ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಒತ್ತದೆ ಮೆತ್ತಗೆ ಒರೆಸಬಹುದು. ಮೈ ಕೊಳೆಯಾಗಿದ್ದರೆ ಒಡೆದ ಗುಳ್ಳೆಯಲ್ಲಿ ಸೋಂಕು ಹೆಚ್ಚುತ್ತದೆ. ಮಗುವಿನ ಉಗುರು ಕತ್ತರಿಸಿ.

*ಒಗ್ಗರಣೆ ಹಾಕಬಾರದು, ಬರೀ ಗಂಜಿ ಕೊಡಬೇಕು:* ಒಗ್ಗರಣೆಯ ಹೊಗೆಗೂ ರೋಗಕ್ಕೂ ಸಂಬಂಧವಿಲ್ಲ. ಬಾಯಲ್ಲಿ ಹುಣ್ಣಿದ್ದರೆ ಖಾರವಿಲ್ಲದ ಮೆತ್ತಗಿನ ಊಟ ಹಿತ, ಅಷ್ಟು ಮಾತ್ರ ಸರಿ. ಎಳನೀರು, ಮಜ್ಜಿಗೆ ಕೊಡಿ. ಆದರೆ ಹಾಲು, ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ದಡಾರ ಬಂದ ಮಗುವಿಗೆ ಪೌಷ್ಟಿಕ ಆಹಾರ ಕಡಿಮೆಯಾದರೆ ಅದು ನ್ಯುಮೋನಿಯಾಕ್ಕೆ, ಕಣ್ಣಿನ ತೊಂದರೆಗೆ ದಾರಿ ಮಾಡುತ್ತದೆ. ದಡಾರಕ್ಕೆ ವೈದ್ಯರು ವಿಟಮಿನ್ ‘ಎ’ ಕೊಡುವುದು ಇದಕ್ಕಾಗಿಯೇ.

*ಔಷಧಿ ಕೊಟ್ಟರೆ ಅಮ್ಮ ಮುನಿಯುತ್ತಾಳೆ:* ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ ಇದು. ಸೀತಾಳೆ ಸಿಡುಬು ಆರೋಗ್ಯವಂತ ಮಗುವಿನಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಹಾಗಾಗಿ ಹತ್ತು ಮಕ್ಕಳಲ್ಲಿ ಏನೂ ಮಾಡದೆ ವಾಸಿಯಾದದ್ದನ್ನು ನೋಡಿದವರು ಹನ್ನೊಂದನೆಯದಕ್ಕೂ ಹಾಗೇ ಆಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ದೊಡ್ಡವರಲ್ಲಿ, ಗರ್ಭಿಣಿಯರಲ್ಲಿ, ಹಸುಗೂಸುಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆ ಅಥವಾ ಸ್ಟಿರಾಯ್ಡ್ ಪಡೆಯುತ್ತಿರುವವರಲ್ಲಿ ಇದೇ ರೋಗ ಶ್ವಾಸಕೋಶಕ್ಕೆ, ಮೆದುಳಿಗೆ ಇಳಿಯಬಹುದು. ಇಂಥವರಿಗೆ ಅಸೈಕ್ಲೋವಿರ್ ಎಂಬ ಔಷಧಿ ಇದೆ. ಗುಳ್ಳೆ ಕಂಡ 24 ಗಂಟೆಯೊಳಗೆ ಶುರು ಮಾಡಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ‘ಮೂರು ನೀರು ಹಾಕುವವರೆಗೆ ಕಾಯೋಣ’ ಎಂದು ಕೂತರೆ ಆ ಹೊತ್ತು ಮೀರಿಹೋಗಿರುತ್ತದೆ. ಇನ್ನೊಂದು ಎಚ್ಚರಿಕೆ: ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಅದು ಯಕೃತ್ತು ಮತ್ತು ಮೆದುಳಿಗೆ ಪೆಟ್ಟು ಕೊಡುವ ರೇ ಸಿಂಡ್ರೋಮ್‌ಗೆ ಕಾರಣವಾಗಬಹುದು.

*ಮೈಲಿಗೆಯಿಂದ ಬಂತು:* ಮುಟ್ಟಾದ ಹೆಂಗಸಿನಿಂದಲೋ, ಯಾರೋ ಹರಕೆ ತೀರಿಸದ್ದರಿಂದಲೋ ಬರುವ ರೋಗ ಇದಲ್ಲ. ವೈರಾಣು ಒಳಹೊಕ್ಕು ಗುಳ್ಳೆ ಏಳಲು 10ರಿಂದ 21 ದಿನ ಬೇಕು. ಅಂದರೆ ನಿನ್ನೆ ಯಾರೋ ಮನೆಗೆ ಬಂದದ್ದಕ್ಕೆ ಇವತ್ತು ಗುಳ್ಳೆ ಏಳುವ ಪ್ರಶ್ನೆಯೇ ಇಲ್ಲ. ತಾಯಿಯನ್ನು ದೂರುವ ಮೊದಲು ಈ ಲೆಕ್ಕ ಹಾಕಿ.

ಸರ್ಪಸುತ್ತು: ಅದೇ ವೈರಾಣುವಿನ ಎರಡನೆಯ ಬರವು

ಸೀತಾಳೆ ಸಿಡುಬು ವಾಸಿಯಾದರೂ ವೈರಾಣು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸಾದಾಗ, ಶಕ್ತಿ ಕುಂದಿದಾಗ ಎದ್ದು ಒಂದು ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದೆ. ಆಗ ಎದೆ ಅಥವಾ ಸೊಂಟದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಉರಿಗುಳ್ಳೆ ಏಳುತ್ತವೆ. ಇದೇ ಸರ್ಪಸುತ್ತು. ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ಎಂದು ಜನ ಹೆದರುತ್ತಾರೆ. ಪ್ರತಿ ನರವೂ ಮೈಯ ಅರ್ಧಭಾಗಕ್ಕೆ ಮಾತ್ರ ಹೋಗುವುದರಿಂದ ಸಾಮಾನ್ಯವಾಗಿ ಗುಳ್ಳೆ ನಡುಗೆರೆ ದಾಟುವುದಿಲ್ಲ. ಹಾವನ್ನು ಕೊಂದ ದೋಷವೂ ಇದರಲ್ಲಿಲ್ಲ. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ಕೂರುವ ಬದಲು 72 ಗಂಟೆಯೊಳಗೆ ವೈದ್ಯರ ಬಳಿ ಹೋದರೆ ರೋಗದ ತೀವ್ರತೆ ತಗ್ಗುತ್ತದೆ. ಕಣ್ಣಿನ ಹತ್ತಿರ ಬಂದಿದ್ದರೆ ಒಂದು ದಿನವೂ ತಡ ಮಾಡಬಾರದು.

ಮರಕ್ಕೆ ಬಂದರೆ ನುಸಿ, ಮಗುವಿಗೆ ಬಂದರೆ ಅಮ್ಮ?

ತೆಂಗು ಬೆಳೆಯುವವರಿಗೆ ಒಂದು ಮಾತು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಎಳೆಗಾಯಿಯ ತೊಟ್ಟಿನ ಬಳಿಯ ಟೋಪಿಯ ಒಳಗೆ ಕೂತು ರಸ ಹೀರುವ ಈ ಜೀವಿ ಒಂದು ಮಿಲಿಮೀಟರಿನ ಕಾಲುಭಾಗದಷ್ಟೂ ಇಲ್ಲ. ಕಾಯಿಯ ಮೇಲೆ ಕಂದು ಕಲೆ, ಬಿರುಕು ಬಿದ್ದು ಗಾತ್ರ ಸಣ್ಣದಾಯಿತು. ಬರಿಗಣ್ಣಿಗೆ ಕಾಣದ್ದನ್ನು ಭೂತಗನ್ನಡಿಯಲ್ಲಿ ನೋಡಿ ಒಪ್ಪಿಕೊಂಡೆವು. ಗಾಳಿಯಲ್ಲಿ ಹರಡುತ್ತದೆ ಎಂದಾಗ ನಂಬಿದೆವು. ಮರಕ್ಕೆ ಗೊಬ್ಬರ ಕೊಟ್ಟೆವು, ಬೇವಿನ ಎಣ್ಣೆ ಸಿಂಪಡಿಸಿದೆವು. ಪಕ್ಕದ ತೋಟದ ಮರದಿಂದ ನಮ್ಮ ಮರಕ್ಕೆ ಬರುವುದು ಪಾಪದ ಫಲವೆಂದು ಯಾರೂ ಹೇಳಲಿಲ್ಲ.

ಮಗುವಿನ ವಿಷಯದಲ್ಲೂ ಇಷ್ಟೇ ಸರಳವಾಗಿ ಯೋಚಿಸಬಹುದು. ಕಾಣದ ಜೀವಿ, ಗಾಳಿಯಲ್ಲಿ ಹರಡುತ್ತದೆ, ಮೊದಲೇ ತಡೆಯಬಹುದು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2017ರ ಫೆಬ್ರವರಿಯಲ್ಲಿ ಈ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ ಶುರುವಾದಾಗ ವಾಟ್ಸ್ಯಾಪಿನಲ್ಲಿ ಸುಳ್ಳುಸುದ್ದಿಗಳು ಹರಿದಾಡಿದ್ದವು. ದಡಾರ ಎಷ್ಟು ಬೇಗ ಹರಡುತ್ತದೆಂದರೆ ನೂರರಲ್ಲಿ 95 ಮಕ್ಕಳಿಗಾದರೂ ಲಸಿಕೆ ಆಗಿದ್ದರೆ ಮಾತ್ರ ಊರು ಸುರಕ್ಷಿತ. ಸೀತಾಳೆ ಸಿಡುಬಿಗೂ ಲಸಿಕೆ ಇದೆ. ಅದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ವೈದ್ಯರನ್ನು ಕೇಳಿ ಹಾಕಿಸಬೇಕು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

- ಉಸಿರಾಟ ಜೋರಾದರೆ, ಎದೆ ಗೂಡು ಒಳಸೇದುತ್ತಿದ್ದರೆ
- ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ
- ನೀರು, ಹಾಲು ಏನನ್ನೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ
- ಗುಳ್ಳೆಯ ಸುತ್ತ ಕೆಂಪಾಗಿ ಊದಿಕೊಂಡು ಕೀವಾದರೆ
- ಜ್ವರ ಇಳಿದು ಮತ್ತೆ ಏರಿದರೆ, ಕಣ್ಣು ಮಂಜಾದರೆ
- ಗರ್ಭಿಣಿ, ಹಸುಗೂಸು ಅಥವಾ ದೊಡ್ಡವರಲ್ಲಿ ಗುಳ್ಳೆ ಕಂಡ ಮೊದಲ ದಿನವೇ

ಹಾಗಾದರೆ ಮಾರಮ್ಮನನ್ನು ಬಿಡಬೇಕೆ?

ಅದು ನಿಮಗೆ ಬಿಟ್ಟ ವಿಷಯ. ಕರ್ನಾಟಕದಲ್ಲಿ 2020ರ ಜನವರಿಯಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯೂ ಪೂಜೆ, ಜಾತ್ರೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ. ಮೈಗೆ ಕೊಕ್ಕೆ ಚುಚ್ಚಿ ನೇತಾಡಿಸುವ ಸಿಡಿ, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಕಳಿಸದೆ ಮಂತ್ರ ಹಾಕುವುದು ಇಂಥವನ್ನು ಅಪರಾಧ ಎನ್ನುತ್ತದೆ. ನಂಬಿಕೆಗೂ ಹಾನಿಗೂ ನಡುವೆ ಗೆರೆ ಎಳೆಯಲು ಇದೊಂದು ಉಪಯುಕ್ತ ಅಳತೆ.

ದೇವಿಯ ಹೆಸರಿನಲ್ಲೇ ವಿಜ್ಞಾನ ಹೇಳಿದ ಉದಾಹರಣೆಯೂ ನಮ್ಮಲ್ಲಿದೆ. 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಶಾಲಾ ಶಿಕ್ಷಕರೊಬ್ಬರ ಪ್ರಯತ್ನದಿಂದ ‘ಏಡ್ಸಮ್ಮ’ನ ಗುಡಿ ಆಯಿತು. ಏಡ್ಸ್ ವಾಸಿ ಮಾಡಿಕೊಡು ಎಂದು ಬೇಡಲು ಕಟ್ಟಿದ್ದಲ್ಲ ಅದು. ಆ ರೋಗ ಹೇಗೆ ಬರುತ್ತದೆ, ಹೇಗೆ ತಡೆಯಬೇಕು ಎಂದು ಜನರಿಗೆ ತಿಳಿಸಲು ಮಾಡಿದ ಉಪಾಯ. ಹೆಸರೆತ್ತಲೂ ಹೆದರುತ್ತಿದ್ದ ರೋಗದ ಬಗ್ಗೆ ಗುಡಿಯ ಮುಂದೆ ನಿಂತು ಮಾತಾಡಬಹುದಾಯಿತು.

ಆಟದ ತಲೋನಾಳಿಗೆ ‘ಕೆಟ್ಟವಳು’ ಎಂಬ ಪಟ್ಟಿ ಅಂಟಿಸಿದರೆ ಕೆಲಸ ಮುಗಿಯಿತು, ಏಕೆಂದರೆ ಅವಳನ್ನು ಸೋಲಿಸಿದರೆ ಆಟ ಗೆದ್ದಂತೆ. ಮಾರಮ್ಮನನ್ನು ಕೆಟ್ಟವಳೆಂದು ಹಳಿದರೆ ಯಾವ ರೋಗವೂ ಹೋಗುವುದಿಲ್ಲ, ಅವಳಿಗೆ ಕೋಳಿ ಕೊಯ್ದರೂ ಹೋಗುವುದಿಲ್ಲ. ಸಿಡುಬನ್ನು ಓಡಿಸಿದ್ದು ಊರೂರು ಸುತ್ತಿದ ಲಸಿಕೆಯವರು. ಆರತಿ ಎತ್ತುವವರು ಎತ್ತಿಕೊಳ್ಳಲಿ. ಆದರೆ ಆ ತಟ್ಟೆ ಹಿಡಿಯುವ ಮೊದಲು ಮಗುವಿನ ತಾಯಿ ಕಾರ್ಡು ತೆಗೆದು, ಲಸಿಕೆಯ ಎರಡೂ ಡೋಸ್ ಆಗಿದೆಯೇ ಎಂದು ನೋಡಿ. ಆಗಿರದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ.